ಕಂಬಕ್ಕೆ ಉಡಿಸಿದ ಸೀರೆ

ನಮ್ಮ ಮಾವನವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಕುರಿಯ ಉಣ್ಣೆ ಕತ್ತರಿಸುವಾಗ ಯಾವತ್ತೋ ಕತ್ತರಿ ತಾಗಿದ್ದು, ಮತ್ತೆ ಕೂಡಿರಲಿಲ್ಲ. ನನ್ನ ರೊಟ್ಟಿಯ ಗಂಟು ಕಟ್ಟುವಾಗಲೆಲ್ಲ ಆ ಸೀಳಿಗೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಅವರು ಬಟ್ಟೆಗೇ ಬೈದು ಬಿಡಿಸಿಕೊಳ್ಳುತ್ತಿದ್ದರು.

ನಿಜಾಮರ ಆಳ್ವಿಕೆ ಮುಗಿದ ವರ್ಷವೇ ನನ್ನ ಗಂಡ ಜ್ವರ ಬಂದು ತೀರಿಕೊಂಡರು. ಮದುವೆಯ ಅರಿಸಿನ ಇನ್ನೂ ಆರಿರಲಿಲ್ಲ. ಅತ್ತೆ ಮೊದಲೇ ಹೋಗಿದ್ದರು. ಮನೆಯಲ್ಲಿ ಉಳಿದದ್ದು ನಾನು, ಮಾವ, ಮತ್ತು ಗಂಡ ಶಹಾಪುರದ ಹತ್ತಿ ಬಿಡಿಸುವ ಜಿನ್ನಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ ಸೈಕಲ್ಲು. ಉರ್ದು ಶಾಲೆಗಳು ಕನ್ನಡಕ್ಕೆ ತಿರುಗುತ್ತಿದ್ದ ಕಾಲವದು. ಕನ್ನಡ ಕಲಿಸಬಲ್ಲವರು ಸಿಗುವುದೇ ಕಷ್ಟ. ಸುರಪುರದ ತವರಿನಲ್ಲಿ ಓದು ಬರಹ ಕಲಿತಿದ್ದ ನನಗೆ ಭೀಮಾ ದಂಡೆಯ ಹಳ್ಳಿಯೊಂದರ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ನಡೆದು ಹೋಗಿಬರುವ ದೂರವಲ್ಲ. ಕೆಲಸ ಬಿಟ್ಟರೆ ತವರಿಗೆ ಮರಳಿ ಅಣ್ಣಂದಿರ ಮನೆಯ ಮೂಲೆ ಹಿಡಿಯಬೇಕು.

ನನಗೆ ಕಲಿಸಲೆಂದು ಮಾವ ಸೈಕಲ್ಲಿನ ಧೂಳು ಒರೆಸಿ ಹೊರಗೆ ತಂದರು. ಗಂಡಸರ ಸೈಕಲ್ಲು, ಸೀರೆಗೆ ಕಚ್ಚೆ ಹಾಕದೆ ಹತ್ತುವಂತಿಲ್ಲ. ಸೊಸೆಗೆ ಸೀರೆ ಉಡುವುದನ್ನು ಮಾವ ಹೇಳಿಕೊಡುವುದುಂಟೆ? ಅವರು ನನ್ನ ಕಡೆ ನೋಡದೆ ಪಡಸಾಲೆಯ ಕಂಬದ ಪಕ್ಕ ಒಂದು ಒನಕೆ ನಿಲ್ಲಿಸಿದರು. ಕಂಬ ಒಂದು ಕಾಲು, ಒನಕೆ ಇನ್ನೊಂದು ಕಾಲು! ಅದಕ್ಕೆ ನನ್ನ ಸೀರೆ ಸುತ್ತಿ, ಕಚ್ಚೆ ಎಳೆದು ಸಿಗಿಸಿ, "ನೋಡವ್ವಾ, ಇಲ್ಲಿ ಬಿಗೀಬೇಕು. ಸಡ್ಲ ಬಿಟ್ರ ಚೈನಿನ್ಯಾಗ ಸಿಗತದ" ಎಂದರು. ಆ ಮನೆಯಲ್ಲಿ ಸಾವಾದ ಮೇಲೆ ನಾನು ನಕ್ಕದ್ದು ಅವತ್ತೇ.

"ಗಂಡ ಸತ್ತಾಕಿನ್ನ ಸೈಕಲ್ ಮ್ಯಾಲ ಕುಂಡ್ರಿಸ್ಯಾನ" ಎಂದು ಊರಲ್ಲಿ ಆಡಿಕೊಂಡರು. ಮಾವ ಕಟ್ಟೆಗೇ ಹೋಗಿ ಕೇಳಿದರು: "ನಿಮ್ಮ ತಲಿ ಮ್ಯಾಲ ಕುಂಡ್ರಿಸೀನೇನ್ರೋ?"

ನನ್ನ ಚೀಲವನ್ನು ಅವರೇ ಕಟ್ಟಬೇಕು, ನಾನು ಮುಟ್ಟುವಂತಿಲ್ಲ. ಒಣಗಿಸಿದ ಕಟಿ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಬಿಸಿಲು ಬಡಿಯಬಾರದೆಂದು ಒಂದು ಉಳ್ಳಾಗಡ್ಡಿ, ಗಾಲಿಗೆ ಚುಚ್ಚಿದ ಜಾಲಿಮುಳ್ಳು ಕೀಳಲು ದಬ್ಬಣ. ಹಿಂದೆ ಕ್ಯಾರಿಯರಿಗೆ ಕಂಬಳಿ. ಕೊನೆಗೆ ನನ್ನ ಗಂಡನ ಎಲೆ ಅಡಿಕೆಯ ಸಂಚಿ, ಅದೂ ತುಂಬಿಸಿ.

ನಮ್ಮಲ್ಲಿ ಗಂಡ ಸತ್ತವಳು ಎಲೆ ಹಾಕುವುದಿಲ್ಲ. ಮೊದಲ ದಿನ ಮರೆತು ಇಟ್ಟಿರಬೇಕು ಅಂದುಕೊಂಡೆ. ಮರುದಿನವೂ ಇತ್ತು. ಮಗನಿಗೆ ಚೀಲ ಕಟ್ಟಿ ರೂಢಿಯಾದ ಕೈ ಅದು. ಎಲೆ ಅಡಿಕೆಯನ್ನು ಶಾಲೆಯ ಪಕ್ಕದ ಮುದುಕಿಗೆ ಕೊಟ್ಟು ಖಾಲಿ ಸಂಚಿ ತರುತ್ತಿದ್ದೆ. ಸಂಜೆ ಮಾವ ಅದನ್ನು ಕೊಡವಿ ನೋಡಿ ಸಮಾಧಾನದಿಂದ ಗೂಟಕ್ಕೆ ಹಾಕುತ್ತಿದ್ದರು. ಬೆಳಿಗ್ಗೆ ಮತ್ತೆ ತುಂಬಿಸಿ, ಬಾಗಿಲಲ್ಲಿ ನಿಂತು, "ಸಾವಕಾಶ ಹೋಗವ್ವಾ" ಅನ್ನುತ್ತಿದ್ದರು. ಹೀಗೆ ವರ್ಷಗಳೇ ಕಳೆದವು.

ಒಂದು ಚಳಿಗಾಲ ಅವರಿಗೆ ಎದೆ ಕಟ್ಟಿತು. ಏಳಲಾಗದ ದಿನ ಚೀಲವನ್ನು ನಾನೇ ಕಟ್ಟಿದೆ. ಅದನ್ನು ಹತ್ತಿರ ತರಿಸಿಕೊಂಡು ಕೈಯಾಡಿಸಿದರು.

"ಸಂಚಿ ಇಟ್ಟಿ?"

"ಇಟ್ಟೀನ್ರಿ, ಮಾವಾ."

"ತಗಿ. ನೀ ತಿನ್ನಂಗಿಲ್ಲಂತ ನನಗ ಗೊತ್ತದವ್ವಾ. ನೀ ಖಾಲಿ ತರತಿದ್ದಿ, ಆಂವ ತಿಂದಂಗ ಆಗತಿತ್ತು ನನಗ." ಉಸಿರೆಳೆದುಕೊಂಡು ಕೈ ಚಾಚಿದರು. "ಇಲ್ಲಿ ಕೊಡು. ಈಗ ನಾನೇ ಅವನ ಕಡಿ ಹೊಂಟೀನಿ."

ನಾನು ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಹೋದರು. ಸಂಚಿಯನ್ನು ಕೈಯಿಂದ ಬಿಡಿಸಲು ಬಂದವರನ್ನು ನಾನು ತಡೆದೆ. ಅದರ ಜೊತೆಗೇ ಮಣ್ಣು ಮಾಡಿದೆವು.

ಗಂಡ ಸತ್ತಾಗ ಜೊತೆಗೆ ಅಳಲು ನನಗೆ ಮಾವ ಇದ್ದರು. ಮಾವ ಸತ್ತಾಗ ಯಾರೂ ಇರಲಿಲ್ಲ. ದಿನಕರ್ಮ ಮುಗಿಸಿ ಮತ್ತೆ ಶಾಲೆಗೆ ಹೊರಟ ಬೆಳಿಗ್ಗೆ ಕಂಬ ಹಿಡಿದು ನಿಂತು ಕಚ್ಚೆ ಬಿಗಿದೆ. ರೊಟ್ಟಿ, ಉಳ್ಳಾಗಡ್ಡಿ, ದಬ್ಬಣ ಎಲ್ಲ ಇಟ್ಟುಕೊಂಡೆ. ಸೈಕಲ್ಲನ್ನು ಅಂಗಳಕ್ಕೆ ಇಳಿಸಿ, ಒಂದು ಕಾಲು ಪೆಡಲಿನ ಮೇಲಿಟ್ಟು, ಹಿಂದೆ ಬಾಗಿಲಿನಿಂದ ಆ "ಸಾವಕಾಶ" ಬರಲೆಂದು ಕಾಯುತ್ತ ನಿಂತೇ ಇದ್ದೆ.