ಮಹಿಬೂಬ್ ಭಾಯ್ ಹೆಲ್ಮೆಟ್ಟಿಗೆ ನಾನು ಬಳಿದ ಹಳದಿ

ಎರಡನೇ ಗೋಲು ಹೊಕ್ಕಾಗ ಮಹಿಬೂಬ್ ಭಾಯ್ ಕಾಲನ್ನೇ ಅಲುಗಿಸಲಿಲ್ಲ.

ಚೆಂಡು ಅವರ ಎಡಗಡೆ ಒಂದು ಮೊಳ ದೂರದಲ್ಲಿ ಉರುಳಿಕೊಂಡು ಹೋಯಿತು... ಅವರು ಬೇರೆಲ್ಲೋ ನೋಡುತ್ತಿದ್ದರು.

ಎಂಬತ್ತರ ದಶಕದ ಆರಂಭ. ಮಾನ್ವಿಯ ಮೈದಾನದಲ್ಲಿ ಹಾಕಿ ಫೈನಲ್. ನಾವು ರಾಯಚೂರಿನವರು, ಎದುರಿಗೆ ದೇವದುರ್ಗದವರು.

ಮಹಿಬೂಬ್ ಭಾಯ್ ನಮ್ಮ ಗೋಲ್‌ಕೀಪರ್. ನಲವತ್ತು ದಾಟಿದ ದರ್ಜಿ. ಹಗಲೆಲ್ಲ ಬಜಾರಿನ ಅಂಗಡಿಯಲ್ಲಿ ಹೊಲಿಗೆ, ಸಂಜೆಯಾದರೆ ಹಾಕಿ. ಒಂದೇ ಆಟದಲ್ಲಿ ಅವರನ್ನು ದಾಟಿ ಎರಡು ಗೋಲು ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆಗ ಹತ್ತೊಂಬತ್ತು ವಯಸ್ಸು, ಲಾರಿಗಳಿಗೆ ಬಣ್ಣ ಹೊಡೆಯುವ ಕೆಲಸ. ಒಂದು ಕಡೆ ಕೂತು ಗೊತ್ತಿಲ್ಲ. ಟೀಮಿನಲ್ಲಿ ಹನ್ನೆರಡನೆಯವನು.

ಭಾಯ್ ಹೆಲ್ಮೆಟ್ ಅಂದರೆ ಹಳೇ ಮೋಟರ್ ಸೈಕಲ್ ಹೆಲ್ಮೆಟ್. ಅದರ ಮುಂದೆ ನಟ್ಟು ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಜಾಲರಿ. ಆ ಜಾಲರಿ ಅವರಿಗೆ ಆಟ ಕಲಿಸಿದ ಉಸ್ತಾದರದು. ಪ್ರತಿ ಆಟಕ್ಕೆ ಮೊದಲು ಭಾಯ್ ಕಂದೀಲಿನ ಮಸಿಗೆ ಎಣ್ಣೆ ಕಲಸಿ ಅದಕ್ಕೆ ಸವರುತ್ತಿದ್ದರು.

ತಿಂಗಳ ಹಿಂದೆ ದೇವದುರ್ಗದಲ್ಲಿ ಅಲ್ಲಿನ ಕೀಪರ್‌ನ ಜಾಲರಿ ನೋಡಿದ್ದೆವು. ಕೆಂಪಗೆ, ಥಳಥಳ. ನಮ್ಮ ಹುಡುಗರಿಗೆ ತಡೆಯಲಿಲ್ಲ.

"ನಮ್ಮದು ಲಾಕಪ್ ಕಿಟಕಿ ಇದ್ದಂಗ ಅದಲೇ."

ಬಣ್ಣ ಹೊಡೆಯುವ ಯೋಚನೆ ನನ್ನದೇ. ಬೇರೆ ಯಾರ ಮೇಲೂ ಹಾಕುವುದಿಲ್ಲ.

"ಭಾಯ್, ಈ ಮಸಿ ಯಾಕ ಹಚ್ಚತೀರಿ?" ಅಂತ ಕೇಳಿದೆ.

"ಉಸ್ತಾದ್ ಹಚ್ಚತಿದ್ರು, ನಾನೂ ಹಚ್ಚತೀನಿ. ನೀ ಬಣ್ಣ ಹೊಡಿತೀ ಅಂದ್ರ ಹೊಡಿ ಬೇಟಾ. ಹುಡುಗರು ಖುಷಿ ಇರಬೇಕು."

ಫೈನಲ್ಲಿನ ಹಿಂದಿನ ದಿನ ಉಪ್ಪಿನ ಕಾಗದದಿಂದ ಎಷ್ಟೋ ವರ್ಷದ ಮಸಿಯನ್ನೆಲ್ಲ ಉಜ್ಜಿ ತೆಗೆದೆ. ನಮ್ಮ ಜರ್ಸಿಗೆ ಹೊಂದುವ ಲಾರಿ ಹಳದಿ, ಎರಡು ಕೋಟು. ಒಣಗಿದ ಮೇಲೆ ನನಗೇ ಹೆಮ್ಮೆ.

ಫೈನಲ್ಲಿನ ಮೊದಲರ್ಧದಲ್ಲಿ ಬಿಸಿಲು ಭಾಯ್ ಬೆನ್ನ ಹಿಂದೆ ಇತ್ತು, ಏನೂ ಆಗಲಿಲ್ಲ. ಒಂದು ಗೋಲು ನಾವೇ ಮುಂದೆ. ಆಮೇಲೆ ಬದಿ ಬದಲಾಯಿತು. ಇಳಿಬಿಸಿಲು ಅಡ್ಡಡ್ಡ ನಮ್ಮ ಗೋಲಿಗೆ ಹೊಡೆಯತೊಡಗಿತು. ಹತ್ತೇ ನಿಮಿಷಕ್ಕೆ ಎರಡು ಗೋಲು.

ಭಾಯ್ ಹೆಲ್ಮೆಟ್ ತೆಗೆದು ನೆಲಕ್ಕಿಟ್ಟರು. ಕೂತು, ಕಾಲಿನ ಪ್ಯಾಡ್ ಬಿಚ್ಚತೊಡಗಿದರು. ಅಂಪೈರ್ ಸೀಟಿ ಊದಿದರು. ನಾವೆಲ್ಲ ಓಡಿದೆವು.

"ಬ್ಯಾರೆಯವರನ್ನ ನಿಂದರಸ್ರಿ. ನನ್ನ ಕಣ್ಣು ಹೋದ್ವು. ಚೆಂಡು ಕಾಣಲಿಲ್ಲ, ಬರೀ ಬೆಂಕಿ ಗೆರಿ ಕಂಡ್ವು."

ಪ್ಯಾಡಿನ ಪಟ್ಟಿ ಸಡಿಲಿಸುತ್ತಲೇ ಮೆಲ್ಲಗೆ ಅಂದರು.

"ಗೋಲು ಹೋದ್ರ ಹೋಗಲಿ... ನಾಳೆ ಸೂಜಿ ಹೆಂಗ ಪೋಣಿಸಲಿ?"

ಬೆಂಕಿ ಗೆರೆ ಅಂದರಲ್ಲ... ಆ ಹೆಲ್ಮೆಟ್ಟನ್ನು ಎತ್ತಿ ನಾನೇ ಹಾಕಿಕೊಂಡೆ. ಒಳಗೆ ಇನ್ನೂ ಅವರ ಬೆವರಿನ ಬಿಸಿ.

ನೋಡುತ್ತೇನೆ... ಕಣ್ಣ ಮುಂದಿನ ಒಂದೊಂದು ಸರಳಿನ ಅಂಚಿಗೂ ಕಾದ ತಂತಿಯಂಥ ಹೊಳಪು. ಅದರಾಚೆ ಮೈದಾನವೇ ಇಲ್ಲ. ತೆಗೆದರೆ ಎಲ್ಲ ಸ್ಪಷ್ಟ. ಹಾಕಿದರೆ ಮತ್ತೆ ಕುರುಡು.

ಸರಳಿನ ಮೇಲೆ ಬಿಸಿಲು ಹೊಳೆಯದಿರಲಿ ಅಂತ ಆ ಮಸಿ, ಆಗ ತಿಳಿಯಿತು. ಅದನ್ನು ಉಜ್ಜಿ ತೆಗೆದ ಕೈ ಇದೇ.

"ಭಾಯ್, ನಿಮ್ಮ ಕಣ್ಣು ಛಲೋ ಅದಾವ್ರಿ. ತಪ್ಪು ನನ್ನ ಬಣ್ಣದ್ದು."

ಕ್ಯಾಪ್ಟನ್ ಬೈದದ್ದನ್ನು ಇಲ್ಲಿ ಬರೆಯಲಾರೆ.

ಮೈದಾನದ ಅಂಚಿನಲ್ಲಿ ಒಬ್ಬ ಅಜ್ಜಿ ಚಹಾ, ಮಿರ್ಚಿ ಬಜ್ಜಿ ಮಾರುತ್ತಿದ್ದಳು. ಹೆಲ್ಮೆಟ್ ಹಿಡಿದು ಅಲ್ಲಿಗೆ ಓಡಿದೆ.

"ಯವ್ವಾ, ಆ ಖಾಲಿ ಕೆಟ್ಲಿ ತಳದ ಮಸಿ ಬೇಕಾಗ್ಯಾದ. ಒಂಚೂರು ಎಣ್ಣಿನೂ ಕೊಡಬೇ!"

"ಚಾ ಕೇಳತಾರ, ಬಜ್ಜಿ ಕೇಳತಾರ. ಮಸಿ ಕೇಳಿದವ ನೀನೊಬ್ನ ನೋಡಪ್ಪ," ಅಂದಳು. ಆದರೂ ಕೆಟ್ಲಿ ಬೋರಲು ಹಾಕಿ ಮುಂದಿಟ್ಟಳು.

ಅಂಪೈರ್ ಕೂಗುತ್ತಿದ್ದರು. ಸರಳುಗಳ ಒಳಮೈಗೆ, ಅಂಚಿಗೆ ಬೆರಳಿಂದ ಬಳಿದೆ. ಮುಂಭಾಗಕ್ಕೆ ಹೊತ್ತಿರಲಿಲ್ಲ, ಅದು ಹಳದಿಯಾಗೇ ಉಳಿಯಿತು.

ಭಾಯ್ ಹಾಕಿಕೊಂಡರು. ತಮ್ಮ ಕೈಯನ್ನು ಮುಂದೆ ಚಾಚಿ ನೋಡಿದರು.

"ಕಾಣತದ ಬೇಟಾ... ಉಗುರು ಸೈತ ಕಾಣತಾವ."

ಆಟ ಮತ್ತೆ ಶುರುವಾಯಿತು. ದೇವದುರ್ಗದವರು ಮೇಲಿಂದ ಮೇಲೆ ಹೊಡೆದರು. ಭಾಯ್ ಕಾಲಿಂದ, ಕೋಲಿಂದ, ಒಮ್ಮೆಯಂತೂ ಆ ಜಾಲರಿಯಿಂದಲೇ ತಡೆದರು. ಠಣ್ ಅಂದ ಸದ್ದು ನಮ್ಮ ಬೆಂಚಿನವರೆಗೂ ಬಂತು. ಒಂದೂ ಒಳಗೆ ಹೋಗಲಿಲ್ಲ.

ಸೋತೆವು. ಎರಡು, ಒಂದು. ಗೆದ್ದೆವು ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಗೆಲ್ಲಲಿಲ್ಲ.

ಆಟ ಮುಗಿದ ಮೇಲೆ ದೇವದುರ್ಗದ ಕೀಪರ್ ಬಂದು ನಮ್ಮ ಜಾಲರಿಯೊಳಗೆ ಬೆರಳಾಡಿಸಿದ. ಕಪ್ಪಾಯಿತು. ತನ್ನ ಕೆಂಪು ಜಾಲರಿಯನ್ನು ಬಿಸಿಲಿಗೆ ಹಿಡಿದು ನೋಡಿದ. ನೇರ ಅಜ್ಜಿಯ ಕಡೆ ನಡೆದ.

"ಇವತ್ತ ನನ್ನ ಕೆಟ್ಲಿ ಪುಕ್ಕಟ ಬೆಳಗಿ ಹೋತು ನೋಡ್ರಿ!" ಅಜ್ಜಿ ಕೂಗಿದ್ದು ಬಸ್‌ ಸ್ಟ್ಯಾಂಡಿನ ದಾರಿ ಹಿಡಿದಿದ್ದ ನಮಗೂ ಕೇಳಿಸಿತು.

ಬಸ್ಸಿನಲ್ಲಿ ಭಾಯ್ ಪಕ್ಕ ಕೂತು, ಹಳದಿಯನ್ನು ನಾಳೆಯೇ ಕೆರೆದು ತೆಗೆಯುತ್ತೇನೆ ಅಂದೆ.

"ಬ್ಯಾಡಲೇ. ಹೊರಗ ಇರಲಿ. ಚಂದ ಕಾಣತದ."

"ಮಸಿ ಯಾಕಂತ ನಿಮಗೂ ಗೊತ್ತಿರಲಿಲ್ಲೇನ್ರಿ?"

"ಗೊತ್ತಿದ್ರ ನಿನ್ನ ಕೈಯಾಗ ಕೊಡ್ತಿದ್ನೇನು?"

ಆಮೇಲೆ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದರು. ಜೇಬಿನಿಂದ ತುಂಡು ದಾರ. ಬಸ್ಸು ಕುಲುಕುತ್ತಿದೆ, ಕಿಟಕಿಯಲ್ಲಿ ಉಳಿದದ್ದು ಒಂದಿಷ್ಟೇ ಬೆಳಕು... ಒಂದೇ ಸಲಕ್ಕೆ ಪೋಣಿಸಿ, ನನ್ನ ಮೂಗಿನ ಮುಂದೆ ಹಿಡಿದು ನಕ್ಕರು.

ಯಾಕೆ ಅಂತ ಯಾರಿಗೂ ಗೊತ್ತಿಲ್ಲದೆ, ಆದರೂ ಕೈ ತಪ್ಪದೆ ಮಾಡುವಂಥದ್ದು ನಿಮ್ಮ ಮನೆಯಲ್ಲೂ ಏನಾದರೂ ಇದೆಯಾ?