ಅವ್ವನ ಪರವಾಗಿ ಹೇಳಿದ ಮಾತು

ಊರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವ್ವ ನಾಗಪುರದ ಅಜನಿಯಲ್ಲಿದ್ದ ನಮ್ಮ ರೈಲ್ವೆ ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತು ತರಕಾರಿ ಮಾರುವವಳ ಬುಟ್ಟಿಯಿಂದ ಬದನೆಕಾಯಿ ಆರಿಸುತ್ತಿದ್ದಳು.

"ಇಷ್ಟು ಬಾಡ್ಯಾವ, ಇವೇನು ಆಕಿ ಮದುವಿಗೆ ತಂದಿದ್ದ ಬದನೀಕಾಯೇನು, ಕೇಳೋ ತಮ್ಮಾ."

"ಕಾಯ್ ಮ್ಹಣತೆ ಆಜಿ?" ಅಜ್ಜಿ ಏನನ್ನುತ್ತಾಳೆ ಎಂದು ಮಾರುವವಳು ನನ್ನ ಮುಖ ನೋಡಿದಳು.

ಚೆನ್ನಾಗಿವೆ ಅನ್ನುತ್ತಾಳೆ ಎಂದೆ ಮರಾಠಿಯಲ್ಲಿ. ಆಕೆ ಖುಷಿಯಾಗಿ ಎರಡು ಕಾಯಿ ಹೆಚ್ಚಿಗೆ ಹಾಕಿದಳು.

"ನೋಡು, ಹಂಗ ಕೇಳಬೇಕು" ಎಂದಳು ಅವ್ವ.

ನಾಗಪುರ ಆಗಿನ್ನೂ ಮಧ್ಯಪ್ರದೇಶದ ರಾಜಧಾನಿ. ನಾನಲ್ಲಿ ರೈಲ್ವೆ ಗುಮಾಸ್ತ. ಧಾರವಾಡದ ಕಡೆಯಿಂದ ಬಂದ ಅವ್ವನಿಗೆ ಎರಡು ವರ್ಷವಾದರೂ ಮರಾಠಿ, ಹಿಂದಿ ಹತ್ತಲಿಲ್ಲ. ಹೊರಗಿನವರೊಡನೆ ಅವಳ ಮಾತೆಲ್ಲ ನನ್ನ ಬಾಯಿಂದಲೇ ಹೋಗುತ್ತಿತ್ತು.

ಮರುದಿನ ಮೇ ತಿಂಗಳ ಬಿಸಿಲಲ್ಲಿ ಥರ್ಡ್ ಕ್ಲಾಸ್ ಡಬ್ಬಿ ಕಾದ ಹಂಚಿನಂತಿತ್ತು. ಅವ್ವ ಮಡಿಯವಳು. ಪ್ರಯಾಣದಲ್ಲಿ ಮನೆಯಿಂದ ಒಯ್ದ ನೀರು, ಇಲ್ಲವೇ ನಾನೇ ಬಾವಿಯಿಂದ ಸೇದಿ ತಂದ ನೀರನ್ನಷ್ಟೇ ಕುಡಿಯುತ್ತಿದ್ದಳು. ತಂಬಿಗೆಯ ಮುಚ್ಚಳ ಸಡಿಲಾಗಿ, ವರ್ಧಾ ದಾಟಿದ ಮೇಲೆ ನೋಡಿದರೆ ಮನೆಯ ನೀರೆಲ್ಲ ಚೆಲ್ಲಿಹೋಗಿತ್ತು.

ಎದುರಿಗೆ ಕೂತಿದ್ದ ಮುದುಕಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯನ್ನು ಅವ್ವನ ಕಡೆ ಚಾಚಿದಳು. "ಘೇ ಮಾಯ್, ಪಾಣಿ."

ಅವ್ವ ಹೂಜಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಕೋ ಆಜಿ. ಅವಳು ಹೊರಗಿನವರ ನೀರು ಕುಡಿಯುವುದಿಲ್ಲ" ಎಂದು ನಾನೇ ಮರಾಠಿಯಲ್ಲಿ ಹೇಳಿಬಿಟ್ಟೆ. ಬಡ್ನೇರಾದಲ್ಲಿ ಇಳಿದು ಬಾವಿಯ ನೀರು ತರೋಣವೆಂದುಕೊಂಡೆ.

ಇಷ್ಟು ಸೆಕೆಗೆ ದೇವರೂ ಕಣ್ಣು ಮುಚ್ಚಿ ಮಲಗಿರುತ್ತಾನೆ, ಯಾರು ನೋಡುತ್ತಾರೆ ಎಂದು ಮುದುಕಿ ತಮಾಷೆ ಮಾಡಿದಳು. ನಾನು ನಕ್ಕೆ. ಅವ್ವನಿಗೆ ಅದನ್ನು ಕನ್ನಡದಲ್ಲಿ ಹೇಳಲಿಲ್ಲ.

ಬಡ್ನೇರಾ ಇನ್ನೂ ದೂರವಿರುವಾಗಲೇ ಅವ್ವನ ಮೈ ಕೆಂಡವಾಯಿತು, ಮಾತು ತೊದಲತೊಡಗಿತು. ಮುದುಕಿ ಹೂಜಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅವಳ ಹಣೆಗೆ ಹಾಕಿದಳು. ಭುಸಾವಳಕ್ಕೆ ಹೋಗಬೇಕಾದವಳು ನಮ್ಮ ಜೊತೆ ಬಡ್ನೇರಾದಲ್ಲಿಯೇ ಇಳಿದಳು. ಪ್ಲಾಟ್‌ಫಾರ್ಮಿನ ನೆರಳಲ್ಲಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು. ಈ ಸಲ ನಾನು ತಡೆಯಲಿಲ್ಲ. ನೀರು ಗಂಟಲಿಗಿಳಿಯದೆ ಕಟವಾಯಿಯಿಂದ ಹರಿದುಹೋಯಿತು. ಸ್ವಲ್ಪ ಹೊತ್ತಿಗೆ ಎಲ್ಲ ಮುಗಿಯಿತು.

ಮುದುಕಿ ಸಂಜೆಯವರೆಗೂ ಹೋಗಲಿಲ್ಲ. ತನ್ನ ತಾಯಿಯೂ ಪಂಢರಪುರದ ಹಾದಿಯಲ್ಲಿ ತೀರಿಕೊಂಡಳಂತೆ. ಗುರುತಿಲ್ಲದವರೇ ಮಣ್ಣು ಮಾಡಿದರಂತೆ. "ಆ ಋಣ ಎಲ್ಲಾದರೂ ತೀರಿಸಬೇಕಲ್ಲಪ್ಪಾ" ಎಂದಳು. ನಾನು ಅವಳ ಹೆಸರನ್ನೂ ಕೇಳಲಿಲ್ಲ.

"ಆಕಿ ಕರ್ಮ ಅಲ್ಲಿಗೇ ಮುಗದಿತ್ತು. ನಿಂದೇನದ ಅದರಾಗ" ಎಂದು ಊರಲ್ಲಿ ಸೋದರಮಾವ ಹೇಳಿದ. ನಾನು ತಲೆಯಾಡಿಸಿದೆ.

ನಾಗಪುರಕ್ಕೆ ಮರಳಿದ ಮೇಲೆ ಎಷ್ಟೋ ಬೇಸಿಗೆಗಳಲ್ಲಿ ನಿಲ್ದಾಣದ ಪ್ರಯಾಣಿಕರಿಗೆ ನೀರು ಕೊಟ್ಟಿದ್ದೇನೆ. ಪುಣ್ಯ ಬಂದಿದೆಯೋ ಇಲ್ಲವೋ, ಎದೆಯಂತೂ ಹಗುರಾಗಿಲ್ಲ. ಅವ್ವ ಅಂದು ಮಡಿ ಬಿಟ್ಟು ಕುಡಿಯುತ್ತಿದ್ದಳೇನೋ. ಬೇಡ ಎನ್ನುತ್ತಿದ್ದಳೇನೋ. ನಾನು ಅವಳನ್ನು ಕೇಳಲಿಲ್ಲ. ಅವಳ ಉತ್ತರ ನನ್ನಲ್ಲಿ ಇಲ್ಲ.