ಅಂಗೈ ಬಣ್ಣ

ಮೊನ್ನೆ ಬುಧವಾರವೂ ಬೇರೆ ದಿನಗಳ ಹಾಗೇ ಶುರುವಾಯಿತು. ಹಾಲಿನ ಪ್ಯಾಕೆಟ್ ಕತ್ತರಿಸಿ ಒಲೆಗಿಟ್ಟೆ, ಡಿಕಾಕ್ಷನ್ ಬೇಗ ಇಳಿಯಲೆಂದು ಫಿಲ್ಟರಿನ ನೆತ್ತಿಗೊಮ್ಮೆ ತಟ್ಟಿದೆ, ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆದು ಬಂದೆ. ನಡುಮನೆಯಲ್ಲಿ ನಮ್ಮ ಯಜಮಾನರು, ಹಿಂದಿನ ಸಂಜೆಯಷ್ಟೇ ಗೋಡೆಗೆ ಕೂರಿಸಿದ ಹೊಸ ಟಿವಿ ಹಾಕಿಕೊಂಡು ನಿಂತಿದ್ದರು. ಕಾಫಿ ಕೊಡಲು ಹತ್ತಿರ ಹೋದಾಗ ಒಂದು ವಾಸನೆ ಬಂತು. ಬಿಸಿಯಾಗುತ್ತಿರುವ ಹೊಸ ಪ್ಲಾಸ್ಟಿಕ್ಕಿನದು, ಅದರೊಳಗೆಲ್ಲೋ ಸುಟ್ಟ ರಾಳದ ಎಳೆಯಂಥದ್ದು... ನಾನು ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ.

"ಈ ವಾರ್ತೆಯವಳ ಮುಖ ನೋಡೇ, ಟೊಮೇಟೊ ಆಗಿದೆ," ಅಂದರು ಯಜಮಾನರು. "ಇನ್ನೊಂದು ಮಾಡೆಲ್ಲೇ ತಗೋಬೇಕಿತ್ತು. ಸಂಜೆಯೊಳಗೆ ಸರಿಹೋಗದಿದ್ರೆ ವಾಪಸ್ ಕಳಿಸೋದೇ."

ಕುವೆಂಪುನಗರದ ಅಂಗಡಿಯಲ್ಲಿ ಎರಡು ಟಿವಿ ಅಕ್ಕಪಕ್ಕ ಇಟ್ಟಿದ್ದರು. ಐವತ್ತೈದು ಇಂಚಿನದರ ಬಣ್ಣ ಸೌಮ್ಯ, ಅರವತ್ತೈದರದು ದೀಪಾವಳಿ. ಎರಡರಲ್ಲೂ ಬರೀ ಗಿಳಿ, ಹೂವು, ಸುರಿಯುವ ಜೇನುತುಪ್ಪ. "ಮನುಷ್ಯರ ಮುಖ ಇರೋದೇನಾದ್ರೂ ಹಾಕ್ತೀರಾ?" ಅಂತ ಕೇಳಿದ್ದಕ್ಕೆ ಅಂಗಡಿಯ ಹುಡುಗಿ ನಕ್ಕು, "ಎಲ್ರೂ ಗಿಳೀನೇ ನೋಡಿ ತಗೋತಾರೆ ಮೇಡಂ," ಅಂದಿದ್ದಳು. ಮುಖ ನೋಡದೆಯೇ ದೊಡ್ಡದನ್ನು ತಂದೆವು. ಮುಖ ನೋಡಬೇಕು ಅಂತ ನನಗೆ ಹೇಳಿಕೊಟ್ಟವರು ಒಬ್ಬರಿದ್ದರು.

ವಿದ್ಯಾರಣ್ಯಪುರಂನ ನಮ್ಮ ತವರಿನ ಬೀದಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವರು, ಮಕ್ಕಳಿಗೆಲ್ಲ ಅವರು ಟಿವಿ ಮಾಮ. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ, ಅಂಗಿಯ ಜೇಬಿನಲ್ಲಿ ಟೆಸ್ಟರು, ಹತ್ತಿರ ಬಂದರೆ ಬೆಸುಗೆ ಹಾಕುವ ರಾಳದ ವಾಸನೆ. ಆಗಿನ ಟಿವಿಗಳಿಗೆ ದೊಡ್ಡ ಬೆನ್ನಿತ್ತು. ಬಣ್ಣದ ತಿರುಪುಗಳೆಲ್ಲ ಆ ಬೆನ್ನಿನೊಳಗೆ. ಅವರು ಹಿಂದೆ ಕೂತು ತಿರುಗಿಸುವಾಗ ಮುಂದೆ ಕೂತು ಹೇಳುವ ಕೆಲಸ ನನ್ನದು. ನಾನಾಗ ನಾಲ್ಕನೇ ಕ್ಲಾಸು.

"ಅಂಗೈನ ಗಾಜಿನ ಪಕ್ಕ ಹಿಡ್ಕೊ ಪುಟ್ಟಮ್ಮ. ವಾರ್ತೆ ಓದೋ ಅಮ್ಮನ ಕೆನ್ನೆ ನಿನ್ನ ಅಂಗೈ ಬಣ್ಣಕ್ಕೆ ಬಂದಾಗ ಹೇಳು. ಸೀರೆ ನೋಡ್ಬೇಡ. ಸೀರೆ ಯಾವ ಬಣ್ಣ ಇದ್ರೂ ನಡೀತದೆ, ಮುಖ ಸುಳ್ಳಾಗ್ಬಾರ್ದು."

ಇನ್ನೂ ಹಳದಿ, ಈಗ ಕೆಂಪು, ಹಾಂ ಸರಿಯಾಯ್ತು ಅಂತ ನಾನು ಕೂಗುತ್ತಿದ್ದೆ. ಅವರು ಮುಂದೆ ಬಂದು, ತಲೆ ವಾಲಿಸಿ ನೋಡಿ, ಒಂದು ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳುತ್ತಿದ್ದರಲ್ಲ, ಇದೂ ಹಾಗೇ ಒಂದು ಪರೀಕ್ಷೆ ಅಂದುಕೊಂಡಿದ್ದೆ.

ಒಂದು ಭಾನುವಾರ ಮಧ್ಯಾಹ್ನ ನನಗೆ ತುಂಟತನ ಬಂತು. ಪರದೆಯ ಮೇಲಿನ ಮುಖ ಬಾಳೆಲೆಯಷ್ಟು ಹಸಿರಾಗಿದ್ದಾಗಲೇ, "ಸರಿಯಾಯ್ತು ಮಾಮ," ಅಂದೆ. ಈಗ ಬಂದು ನೋಡುತ್ತಾರೆ, ಕಿವಿ ಹಿಂಡಿ 'ಕಳ್ಳಿ' ಅನ್ನುತ್ತಾರೆ ಅಂತ ನಗು ಬಿಗಿಹಿಡಿದು ಕೂತೆ. ಅವರು ಬಂದರು, ತಲೆ ವಾಲಿಸಿದರು. "ಚೆನ್ನಾಗ್ ಬಂತು ಕಣಮ್ಮ," ಅಂದರು. ಅವರೂ ನನ್ನ ಜೊತೆ ಆಟ ಆಡುತ್ತಿದ್ದಾರೆ ಅನ್ನಿಸಿತು. ಅವರು ಟಿವಿಯ ಬೆನ್ನು ಮುಚ್ಚಿ ತಿರುಪು ಬಿಗಿದರು, ಪೆಪ್ಪರ್‌ಮಿಂಟು ಕೊಟ್ಟರು, ಅಮ್ಮ ಒಳಗಿನಿಂದ ತಂದ ಕಾಫಿ ಕುಡಿದು ಸೈಕಲ್ ಹತ್ತಿ ಹೋಗಿಬಿಟ್ಟರು...

ಸಂಜೆ ಸಿನಿಮಾಕ್ಕೆ ಬೀದಿಯ ಅರ್ಧ ಜನ ನಮ್ಮ ನಡುಮನೆಯಲ್ಲಿ. ನಾಯಕ ಹಸಿರು, ನಾಯಕಿ ಹಸಿರು. "ಎಲ್ರೂ ಕೆರೆ ಪಾಚಿ ಬಳ್ಕೊಂಡ್ ಬಂದವ್ರೆ," ಅಂತ ಎದುರುಮನೆ ಅಜ್ಜಿ ಅಂದಿದ್ದಕ್ಕೆ ಮನೆಯೆಲ್ಲ ನಗು. ಅಪ್ಪ ನಗಲಿಲ್ಲ. "ಆತಂಗೆ ಕಣ್ಣು ಕಾಣ್ಸಲ್ವೇನೋ. ಇನ್ಮೇಲೆ ಬೇರೆಯವರನ್ನ ಕರೆಯೋಣ," ಅಂದರು. ನಾನು ಹೇಳಬಹುದಿತ್ತು. ಬೈಗುಳಕ್ಕೆ ಹೆದರಿ ಅಮ್ಮನ ಸೆರಗಿನ ಹಿಂದೆ ಸರಿದುಕೊಂಡೆ. ಆ ಮಾತು ಮನೆಯಿಂದ ಮನೆಗೆ ಹೋಯಿತು. ಮಾಮನ ಸೈಕಲ್ಲು ನಮ್ಮ ಬೀದಿಗೆ ಬರುವುದು ನಿಂತಿತು.

ಹೈಸ್ಕೂಲಿನಲ್ಲಿ ಮಿಸ್ ಒಬ್ಬರು ಬಣ್ಣದ ಚುಕ್ಕಿಗಳ ಚಿತ್ರ ತೋರಿಸಿ, ಕೆಲವರಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದೇ ಇಲ್ಲ ಅಂದಾಗ ನನಗೆ ಆ ಭಾನುವಾರದ ಹಸಿರು ಮುಖ ನೆನಪಾಯಿತು. ಮಾಮ ನನಗೆ ಪರೀಕ್ಷೆ ಕೊಡುತ್ತಿರಲಿಲ್ಲ. ನನ್ನ ಕಣ್ಣನ್ನು ಕಡ ಕೇಳುತ್ತಿದ್ದರು. ಪ್ರತಿ ಮನೆಯಲ್ಲೂ ನನ್ನಂಥದೊಂದು ಮಗುವನ್ನು ಮುಂದೆ ಕೂರಿಸಿಕೊಂಡೇ ಅವರು ಅಷ್ಟು ವರ್ಷ ದುಡಿದದ್ದು...

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಅವರ ಅಂಗಡಿಗೆ ಹೋದೆ. ಬೋರ್ಡಿನಲ್ಲಿ 'ಟಿವಿ' ಎಂಬುದರ ಮೇಲೆ ಸುಣ್ಣ ಬಳಿದಿತ್ತು; ಮಿಕ್ಸಿ, ಫ್ಯಾನು ಮಾತ್ರ ಉಳಿದಿತ್ತು. "ಎಷ್ಟು ಉದ್ದ ಆಗ್ಬುಟ್ಟೆ ಪುಟ್ಟಮ್ಮ," ಅಂತ ಡಬ್ಬಿ ತಡಕಿ ಪೆಪ್ಪರ್‌ಮಿಂಟು ಕೊಟ್ಟರು. ನಾಲಿಗೆ ತುದಿಗೆ ಬಂದಿದ್ದ ಮಾತು ಅದರ ಜೊತೆಯೇ ಕರಗಿಹೋಯಿತು. ಧೈರ್ಯ ಮಾಡಿ ಇನ್ನೊಮ್ಮೆ ಹೋಗುವ ಹೊತ್ತಿಗೆ ಬಾಗಿಲು ಹಾಕಿತ್ತು. ಅವರು ತೀರಿಕೊಂಡು ತಿಂಗಳಾಗಿತ್ತಂತೆ.

ಬುಧವಾರ ಯಜಮಾನರು ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಕರ್ಟನ್ ಎಳೆದು ರಿಮೋಟ್ ಹಿಡಿದು ಕೂತೆ. ಅಂಗಡಿಯ ಬೆಳಕಿಗೆಂದು ಇಟ್ಟಿದ್ದ ಕಣ್ಣು ಕುಕ್ಕುವ ಮೋಡ್ ತೆಗೆದು ಸಿನಿಮಾ ಮೋಡ್‌ಗೆ ಹಾಕಿದೆ, ಬಣ್ಣವನ್ನು ಒಂದೊಂದೇ ಅಂಕ ಇಳಿಸುತ್ತ ಬಂದೆ. ಎಡ ಅಂಗೈ ಪರದೆಯ ಪಕ್ಕ. ಈ ಟಿವಿಗೆ ಬೆನ್ನೇ ಇಲ್ಲ, ಹಿಂದೆ ಬರೀ ಗೋಡೆ. ಆದರೂ ವಾರ್ತೆಯವಳ ಕೆನ್ನೆ ಅಂಗೈ ಬಣ್ಣಕ್ಕೆ ಬಂದಾಗ ಆ ಗೋಡೆಗೆ ಕೇಳುವ ಹಾಗೆ, "ಸರಿಯಾಯ್ತು ಮಾಮ," ಅಂದೆ. ಈ ಸಲ ಸುಳ್ಳು ಹೇಳಲಿಲ್ಲ.

ಸಂಜೆ ಯಜಮಾನರು ಒಂದು ಗಳಿಗೆ ನಿಂತು ನೋಡಿದರು, ವಾಪಸ್ಸಿನ ಮಾತೆತ್ತದೆ ಸೋಫಾದಲ್ಲಿ ಕೂತರು. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯವರು ಬಟ್ಟಲು ಹಿಡಿದುಕೊಂಡೇ ಟಿವಿಯತ್ತ ತಿರುಗಿದರು.

"ನಿಮ್ಮನೇಲಿ ಜನ ಜನದ ಥರಾನೇ ಕಾಣ್ತಾರಲ್ರೀ. ನಮ್ಮನೇಲಿ ಎಲ್ರೂ ಮದುವೆ ಮೇಕಪ್ಪಲ್ಲೇ ಇರ್ತಾರೆ. ಯಾರ ಕೈಲಿ ಮಾಡಿಸಿದ್ರಿ? ಅವರನ್ನ ಒಂದ್ಸಲ ನಮ್ಮನೆಗೂ ಕಳಿಸ್ಕೊಡಿ ಕಣ್ರೀ."